ಅಡಿಕೆ ಮಂಡಿಯಿಂದ ಡೋಕ್ಲಾಮ್‌ವರೆಗೆ: ಚೀನಾ ಅಧ್ಯಯನದಲ್ಲಿ ಎಂ.ಎ. ಮಾಡಹೊರಟವರಿಗೆ ದಾರಿ

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಿಕೊಳ್ಳಲು ಅನುಮತಿ ಕೊಟ್ಟಿತು. ಮಲೆನಾಡಿನ ಬೆಳೆಗಾರರು ಕೆರಳಿದರು. ಆ ದಿನಗಳಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ಕವಳ ಹಾಕುತ್ತಾ ಕುಳಿತಿದ್ದ ನೆಂಟರೊಬ್ಬರು, "ಅಂಗೈಯಗಲದ ದೇಶಕ್ಕೆ ಇಷ್ಟು ದೊಡ್ಡ ಸರ್ಕಾರ ಯಾಕೆ ಇಷ್ಟೊಂದು ಬಗ್ಗಬೇಕು?" ಎಂದು ಕೇಳಿದರು. ಉತ್ತರದ ಒಂದು ಎಳೆ ಡೋಕ್ಲಾಮ್‌ನಲ್ಲಿ ಸಿಗಬಹುದು ಎಂದೆ. ಭೂತಾನವೂ ಚೀನಾವೂ ತಮ್ಮದೆನ್ನುವ ನೆಲ ಅದು. 2017ರಲ್ಲಿ ಭಾರತದ ಮತ್ತು ಚೀನಾದ ಸೈನಿಕರು ಅಲ್ಲಿ 73 ದಿನ ಎದುರುಬದುರು ನಿಂತಿದ್ದರು. ಭೂತಾನ ಮತ್ತು ಚೀನಾ 1984ರಿಂದ ಗಡಿ ಮಾತುಕತೆ ನಡೆಸುತ್ತಿವೆ, 2021ರಲ್ಲಿ ಮೂರು ಹಂತದ ಕಾರ್ಯಸೂಚಿಗೆ ಸಹಿ ಹಾಕಿವೆ. ಭೂತಾನದ ರಾಜಧಾನಿ ಥಿಂಪುವಿನ ಮನಸ್ಸನ್ನು ದೆಹಲಿ ಜೋಪಾನ ಮಾಡುವುದಕ್ಕೂ ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆ ಬಗೆಗಳ ದರಕ್ಕೂ ನಂಟಿದೆಯೇ? ಇದೆಯೆಂದು ನಾನು ಆಣೆ ಮಾಡಲಾರೆ. ಆದರೆ ಹೀಗೆ ಪ್ರಶ್ನೆ ಕೇಳುವುದನ್ನೇ ಪ್ರದೇಶ ಅಧ್ಯಯನ ಎನ್ನುತ್ತಾರೆ.

ಗಡಿಯಲ್ಲಿ ಗದ್ದಲವಾದಾಗಲೆಲ್ಲ ಪದವಿ ಮುಗಿಸಿದ ಹುಡುಗರೂ ಹುಡುಗಿಯರೂ ನನ್ನಲ್ಲಿಗೆ ಬಂದು "ಚೀನಾ ಬಗ್ಗೆ ಓದಬೇಕು, ಎಲ್ಲಿ, ಹೇಗೆ?" ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಇದರಲ್ಲಿ ಭಾಷೆಗೆ ಹೆಚ್ಚು ಜಾಗ ಕೊಟ್ಟಿರುವುದು ಬೇಕೆಂದೇ. ನಮ್ಮಲ್ಲಿ ಚೀನಾ ಪಂಡಿತರಿಗೆ ಬರವಿಲ್ಲ, ಚೀನೀ ಓದಬಲ್ಲವರಿಗೆ ಬರವಿದೆ.

ಮೊದಲ ಹೆಜ್ಜೆ: ಯಾವ ಬಾಗಿಲು?

ಈ ಓದಿಗೆ ಮೂರು ಬಾಗಿಲುಗಳಿವೆ, ಮೂರೂ ಬೇರೆ ಬೇರೆ ಕೋಣೆಗೆ ತೆರೆಯುತ್ತವೆ.

ಒಂದನೆಯದು ಚೀನೀ ಭಾಷೆ ಮತ್ತು ಸಾಹಿತ್ಯದ ಎಂ.ಎ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, 1937ರಲ್ಲಿ ಚೀನಾ ಭವನ ಶುರುವಾದ ಶಾಂತಿನಿಕೇತನದ ವಿಶ್ವಭಾರತಿ ಇದಕ್ಕೆ ಹೆಸರಾದವು. ಚೀನೀ ಭಾಷೆಯಲ್ಲೇ ಪದವಿ ಇಲ್ಲದವರಿಗೆ ಈ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಪಿಯುಸಿ ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಈಗಲೇ ಹೇಳಿಡಿ.

ಎರಡನೆಯದು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಜೆಎನ್‌ಯುವಿನ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಪೂರ್ವ ಏಷ್ಯಾಕ್ಕೆಂದೇ ಒಂದು ಕೇಂದ್ರವಿದೆ, ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಚೀನಾ ಹಿಡಿಯುವವರು ಅಲ್ಲಿ ನೆಲೆ ನಿಲ್ಲುತ್ತಾರೆ. ನಮಗೆ ಹತ್ತಿರದ್ದು ಬೇಕೆಂದರೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ. ಅಲ್ಲಿ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಮನೆಗೆ ಹತ್ತಿರ, ಜೇಬಿಗೆ ದೂರ: ಜೆಎನ್‌ಯುವಿನ ಬೋಧನಾ ಶುಲ್ಕ ನೂರರ ಲೆಕ್ಕದಲ್ಲಿದ್ದರೆ ಖಾಸಗಿ ವಿಶ್ವವಿದ್ಯಾಲಯಗಳದ್ದು ಲಕ್ಷದ ಲೆಕ್ಕ.

ಮೂರನೆಯದು ನಿಜವಾದ ಪ್ರದೇಶ ಅಧ್ಯಯನ. ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗದ ಬೇರು 1964ರಲ್ಲಿ, ಅಂದರೆ ಚೀನಾದೊಂದಿಗಿನ ಯುದ್ಧದಲ್ಲಿ ಪೆಟ್ಟು ತಿಂದ ಎರಡು ವರ್ಷಕ್ಕೆ, ಆರಂಭವಾದ ಚೀನಾ ಅಧ್ಯಯನ ಕೇಂದ್ರದಲ್ಲಿದೆ. ಇತಿಹಾಸ, ರಾಜಕೀಯ, ಆರ್ಥಿಕತೆಯ ಜೊತೆಗೆ ಭಾಷಾ ಪಾಠವೂ ಅಲ್ಲಿನ ಎಂ.ಎ. ಪಠ್ಯದ ಭಾಗ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಪತ್ರಿಕೋದ್ಯಮ ಓದಿ ಬಂದ ಮಲೆನಾಡಿನ ಸಾಮಾನ್ಯ ವಿದ್ಯಾರ್ಥಿಗೆ ನಾನು ಮೊದಲು ತೋರಿಸುವುದು ಈ ಬಾಗಿಲನ್ನೇ.

ಮನೆಯಲ್ಲಿ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ, "ಓದಿ ಏನು ಮಾಡುತ್ತೀ?" ಸಂಶೋಧನಾ ಸಂಸ್ಥೆಗಳು, ಪತ್ರಿಕೆಗಳು, ಅನುವಾದ, ಕಂಪನಿಗಳ ಖರೀದಿ ವಿಭಾಗ, ಅಧ್ಯಾಪನ. ಭೂಸೇನೆಯ ಪ್ರಾದೇಶಿಕ ಪಡೆ ಕೂಡ ಚೀನೀ ಬಲ್ಲವರನ್ನು ಸೇರಿಸಿಕೊಂಡಿದೆ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿ ಚೀನಾ ಕುರಿತು ಕೆಲಸ ಮಾಡುವ ತಂಡವಿದೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನವಾದ ಜೆಆರ್‌ಎಫ್ ಸಿಕ್ಕರೆ ಪಿಎಚ್.ಡಿ. ಮಾಡುವಾಗ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಭಾಷೆ ಗೊತ್ತಿದ್ದವರು ಕೆಲಸಕ್ಕೆ ಹೆಚ್ಚು ದಿನ ಕಾಯುವುದನ್ನು ನಾನು ಕಂಡಿಲ್ಲ. ಭಾಷೆಯಿಲ್ಲದೆ ಬರೀ ಎಂ.ಎ. ಹಿಡಿದು ಬಂದವರು ಕಾದದ್ದನ್ನು ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಭಾಷೆಯನ್ನು ಊರಿನಲ್ಲೇ ಶುರು ಮಾಡಿ

ಸೀಟು ಸಿಕ್ಕ ಮೇಲೆ ಕಲಿಯೋಣ ಎಂದುಕೊಂಡರೆ ಕೆಟ್ಟಿರಿ. ಎಂ.ಎ.ಯ ಎರಡು ವರ್ಷ ಓದು ಬರಹದಲ್ಲೇ ಕರಗಿಹೋಗುತ್ತದೆ. ಪದವಿಯ ಕೊನೆಯ ವರ್ಷದ ಜೂನ್‌ನಲ್ಲಿ, ಮಳೆ ಹಿಡಿದು ಮನೆಯಿಂದ ಹೊರಬೀಳಲಾಗದ ದಿನಗಳಲ್ಲಿ, ದಿನಕ್ಕೆ ಮುಕ್ಕಾಲು ಗಂಟೆಯಂತೆ ಆರಂಭಿಸಿ. ಕರೆಂಟು ಹೋದರೂ ನಡೆಯುವ ಓದು ಇದು.

ಮೊದಲ ಹದಿನೈದು ದಿನ ಉಚ್ಚಾರಕ್ಕೆ ಮಾತ್ರ. ಚೀನೀ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಎಂದು ಹೆಸರು. ಇಂಗ್ಲಿಷ್ ಓದಿದಂತೆ ಅದನ್ನು ಓದಿದರೆ ದಾರಿ ತಪ್ಪುತ್ತದೆ. ಕನ್ನಡದವರಿಗೆ ಇಲ್ಲಿ ಹುಟ್ಟಿನಿಂದ ಬಂದ ಒಂದು ಅನುಕೂಲವಿದೆ, ಇದನ್ನು ಯಾವ ಇಂಗ್ಲಿಷ್ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ನಮ್ಮ ವರ್ಣಮಾಲೆಯ ವರ್ಗಗಳನ್ನು ನೆನಪಿಸಿಕೊಳ್ಳಿ: ಕ ಖ ಗ ಘ, ತ ಥ ದ ಧ, ಪ ಫ ಬ ಭ. ಚೀನೀಯಲ್ಲಿ ಪ್ರತಿ ವರ್ಗದ ಮೊದಲ ಎರಡು ಧ್ವನಿಗಳು ಮಾತ್ರ ಇವೆ. ಮೂರನೆಯದೂ ಇಲ್ಲ, ನಾಲ್ಕನೆಯದೂ ಇಲ್ಲ. ಪಿನ್‌ಯಿನ್‌ನಲ್ಲಿ 'ಬಿ' ಅಕ್ಷರ ಕಂಡಲ್ಲಿ ಬಾಯಿಂದ ಬರಬೇಕಾದದ್ದು ನಮ್ಮ ಅಲ್ಪಪ್ರಾಣ ಪ. 'ಪಿ' ಕಂಡಲ್ಲಿ ಮಹಾಪ್ರಾಣ ಫ, ತುಟಿ ಮುಚ್ಚಿ ಉಸಿರು ಬಿಟ್ಟು ಹೇಳುವ ಫ. ಫೋನಿನ ಫ ಅಲ್ಲ. 'ಡಿ' ಎಂದರೆ ತ, 'ಟಿ' ಎಂದರೆ ಥ. 'ಜಿ' ಎಂದರೆ ಕ, 'ಕೆ' ಎಂದರೆ ಖ. (ಇ ಸ್ವರದ ಮುಂದೆ ಬರುವ 'ಜೆ' ನಮ್ಮ ಚಕ್ಕೆ ಹತ್ತಿರ, 'ಕ್ಯೂ' ಛಕ್ಕೆ ಹತ್ತಿರ.) ಬೀಜಿಂಗ್ ಎಂದು ಪತ್ರಿಕೆಯಲ್ಲಿ ಬರೆಯಿರಿ, ಬಾಯಲ್ಲಿ 'ಪೇಯ್‌ಚಿಂಗ್' ಎನ್ನಿ. ಅಡಿಕೆಯ ಚೀನೀ ಹೆಸರನ್ನು ಪುಸ್ತಕದಲ್ಲಿ 'ಬಿಂಗ್‌ಲಾಂಗ್' ಎಂದು ಕಾಣುತ್ತೀರಿ. ಅದನ್ನು 'ಪಿಂಗ್‌ಲಾಂಗ್' ಎಂದು ಉಚ್ಚರಿಸಿದ ಕೂಡಲೇ ಮಲಯ ಭಾಷೆಯ 'ಪಿನಾಂಗ್' ಎಂಬ ತವರು ಕೇಳಿಸುತ್ತದೆ. ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗಿ 'ಬಾಷೆ' ಎನ್ನುತ್ತೇವೆ ನಿಜ, ಆದರೆ ಒಂದನೇ ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ ಋಣ ಇಲ್ಲಿ ತೀರುತ್ತದೆ.

ಆಮೇಲೆ ಟೋನ್. ಒಂದೇ ಧ್ವನಿಯನ್ನು ನಾಲ್ಕು ಬಗೆಯ ಏರಿಳಿತದಲ್ಲಿ ಹೇಳಿದರೆ ನಾಲ್ಕು ಪದ. 'ಮಾಯ್' ಎಂಬುದನ್ನು ದನಿ ತಗ್ಗಿಸಿ ಮತ್ತೆ ಎತ್ತಿ ಹೇಳಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಕೆಳಗಿಳಿಸಿ ಹೇಳಿದರೆ ಮಾರುವುದು. ಮಂಡಿಯಲ್ಲಿ ಇದನ್ನು ಅದಲುಬದಲು ಮಾಡಿದರೆ ಏನಾದೀತು ಎಂದು ಊಹಿಸಿಕೊಳ್ಳಿ, ಟೋನ್ ಮರೆಯುವುದಿಲ್ಲ. ಮೊಬೈಲಿನಲ್ಲಿ ನಿಮ್ಮ ದನಿಯನ್ನೇ ಮುದ್ರಿಸಿ ಮೂಲದ ಪಕ್ಕ ಕೇಳಿ. ನಾಚಿಕೆಯಾಗುತ್ತದೆ, ಆಗಲಿ.

ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ಪ್ರಾಥಮಿಕ ಶಾಲೆಯ ಮಕ್ಕಳ ಚೌಕುಳಿ ಗಣಿತ ಪುಸ್ತಕ ಇದಕ್ಕೆ ಹೇಳಿ ಮಾಡಿಸಿದಂತಿದೆ: ಒಂದು ಚೌಕಕ್ಕೆ ಒಂದು ಅಕ್ಷರ, ದಿನಕ್ಕೆ ಐದು. ಹಳೆಯ ನಿಘಂಟುಗಳು ಅಕ್ಷರಗಳನ್ನು 214 ಮೂಲಾಂಗಗಳ ಅಡಿಯಲ್ಲಿ ಜೋಡಿಸುತ್ತವೆ. ಅವುಗಳಲ್ಲಿ ನೀರು, ಮರ, ಮಾತು, ಕೈ, ಹೃದಯದಂತಹ ಐವತ್ತನ್ನು ಗುರುತಿಸಬಲ್ಲಿರಾದರೆ ಉಳಿದದ್ದು ಸಲೀಸು. ಮೊಬೈಲಿಗೆ ಪ್ಲೆಕೊ ನಿಘಂಟು ಹಾಕಿಕೊಳ್ಳಿ. ಗುರಿ ಬೇಕೆಂದರೆ ಚೀನೀ ಭಾಷಾ ಸಾಮರ್ಥ್ಯ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆ ಇದೆ. ಅದರ ಹಳೆಯ ಆರು ಹಂತಗಳ ಲೆಕ್ಕದಲ್ಲಿ ಎರಡನೆಯ ಹಂತಕ್ಕೆ 300 ಪದ, ನಾಲ್ಕಕ್ಕೆ 1,200, ಐದಕ್ಕೆ 2,500. (2021ರ ಹೊಸ ಮಾನದಂಡದಲ್ಲಿ ಒಂಬತ್ತು ಹಂತಗಳಿವೆ, ಪದಗಳ ಲೆಕ್ಕವೂ ಬೇರೆ.) ಎಂ.ಎ. ಸೇರುವಾಗ 300 ಪದ ನಾಲಗೆಯ ಮೇಲಿರಲಿ, ಮುಗಿಸುವಾಗ ನಿಘಂಟು ಹಿಡಿದು ಪತ್ರಿಕೆ ಓದುವಂತಾಗಲಿ.

ಹೆಸರುಗಳ ಹಳೆಯ ಮತ್ತು ಹೊಸ ಕಾಗುಣಿತದ ಒಂದು ಚಿಕ್ಕ ಕೋಷ್ಟಕವನ್ನೂ ಜೊತೆಗೆ ಬೆಳೆಸಿ. ನಮ್ಮ ಶಾಲೆಯ ಪುಸ್ತಕದ ಹ್ಯೂಯೆನ್‌ತ್ಸಾಂಗ್, ಪುಲಕೇಶಿಯ ನಾಡನ್ನು ಕಂಡು ಬರೆದ ಅದೇ ಯಾತ್ರಿಕ, ಪಿನ್‌ಯಿನ್ ಪ್ರಕಾರ 'ಶ್ವೆನ್‌ತ್ಸಾಂಗ್'. 1962ರ ಕನ್ನಡ ಪತ್ರಿಕೆಗಳ ಚೌ ಎನ್ ಲಾಯ್, ಅಂದಿನ ಚೀನಾ ಪ್ರಧಾನಿ, ಇಂದಿನ ಪುಸ್ತಕಗಳಲ್ಲಿ ಝೌ ಎನ್‌ಲಾಯ್. ಹಳೆಯ ಕಡತ ಹುಡುಕುವಾಗ ಹಳೆಯ ಕಾಗುಣಿತ ಗೊತ್ತಿಲ್ಲದಿದ್ದರೆ ಕಣ್ಣೆದುರಿನ ದಾಖಲೆಯೂ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಅರ್ಜಿ ಮತ್ತು ನಾಡಕಚೇರಿ

ಕೇಂದ್ರೀಯ ವಿಶ್ವವಿದ್ಯಾಲಯಗಳ ಎಂ.ಎ. ಪ್ರವೇಶಕ್ಕೆ ಸಿಯುಇಟಿ-ಪಿಜಿ ಪರೀಕ್ಷೆ ಬರೆಯಬೇಕು. ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ, ಅಂದರೆ ನಮ್ಮಲ್ಲಿ ಕೊನೆಕೊಯ್ಲು ನಡೆಯುವ ಹೊತ್ತಿಗೆ ತೆರೆಯುತ್ತದೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ರಾಜ್ಯಶಾಸ್ತ್ರದ ಪರಿಭಾಷೆಯನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕು. ಯಾವ ಕೋರ್ಸಿಗೆ ಯಾವ ಪತ್ರಿಕೆ ಬರೆಯಬೇಕೆಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಯೇ ತುಂಬಿ.

ಪರೀಕ್ಷೆ ಬರೆದರೆ ಸಾಲದು. ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಮತ್ತೊಮ್ಮೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಒಳ್ಳೆಯ ಅಂಕ ಪಡೆದ ನಮ್ಮೂರಿನ ಹುಡುಗಿಯೊಬ್ಬಳು ಇದು ತಿಳಿಯದೆ ಕರೆ ಬರುತ್ತದೆಂದು ಕಾಯುತ್ತಾ ಕುಳಿತು ಒಂದು ವರ್ಷ ಕಳೆದುಕೊಂಡಳು.

ಎರಡನೆಯ ಕಂಟಕ ಜಾತಿ ಪ್ರಮಾಣಪತ್ರ. ಪ್ರವರ್ಗ 2ಎ, 3ಎ ಎಂದು ನಮ್ಮ ರಾಜ್ಯದಲ್ಲಿ ಕೊಡುವ ಪತ್ರ ಕೇಂದ್ರದ ಪ್ರವೇಶಕ್ಕೆ ಬರುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದಲ್ಲಿಲ್ಲದ ಜಾತಿಗಳೂ ಇವೆ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರ ಸರ್ಕಾರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯೊಂದಿಗೆ, ಚಾಲ್ತಿ ಹಣಕಾಸು ವರ್ಷದ ದಿನಾಂಕ ಹಾಕಿಸಿ ತೆಗೆದುಕೊಳ್ಳಿ. ಏಪ್ರಿಲ್ ಮೊದಲ ವಾರವೇ ಹೋಗಿ. ಪಾಸ್‌ಪೋರ್ಟನ್ನೂ ಇದೇ ಓಡಾಟದಲ್ಲಿ ಮಾಡಿಸಿ ಮುಗಿಸಿ.

ದೆಹಲಿಗೆ ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿಯ ಪ್ರಯಾಣ. ಕಂಬಳಿ ಒಯ್ಯಿರಿ, ನಮ್ಮ ಚಳಿಯೇ ಚಳಿ ಎಂದು ತಿಳಿದವರು ಅಲ್ಲಿನ ಜನವರಿಯನ್ನು ಕಂಡಿಲ್ಲ.

ನಾಲ್ಕನೆಯ ಹೆಜ್ಜೆ: ಓದುವ ಕ್ರಮ

ಮೊದಲು ಭಾರತ-ಚೀನಾ ಸಂಬಂಧದ ಬೆನ್ನೆಲುಬನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. 1950ರ ಏಪ್ರಿಲ್ 1ರಂದು ರಾಜತಾಂತ್ರಿಕ ಸಂಬಂಧ. 1954ರ ಏಪ್ರಿಲ್ 29ರಂದು ಟಿಬೆಟ್ ವ್ಯಾಪಾರದ ಒಪ್ಪಂದ. ಪಂಚಶೀಲ ಅದರ ಪೀಠಿಕೆಯಲ್ಲಿದೆ, ಒಪ್ಪಂದದ ಆಯುಸ್ಸು ಕೇವಲ ಎಂಟು ವರ್ಷ. 1959ರಲ್ಲಿ ದಲೈ ಲಾಮಾ ಭಾರತಕ್ಕೆ. 1962ರ ಅಕ್ಟೋಬರ್ 20ರಂದು ಯುದ್ಧ. 1976ರಲ್ಲಿ ಮತ್ತೆ ರಾಯಭಾರಿಗಳು, ನಮ್ಮ ಕಡೆಯಿಂದ ಕೆ.ಆರ್. ನಾರಾಯಣನ್. 1988ರಲ್ಲಿ ರಾಜೀವ್ ಗಾಂಧಿ ಭೇಟಿ. 1993, 1996, 2005ರ ಗಡಿ ಒಪ್ಪಂದಗಳು. 2020ರ ಜೂನ್ 15ರಂದು ಗಾಲ್ವಾನ್. 2024ರ ಅಕ್ಟೋಬರ್‌ನಲ್ಲಿ ಗಸ್ತು ಕುರಿತ ಒಪ್ಪಂದ. ಒಪ್ಪಂದಗಳ ಮೂಲಪಾಠವನ್ನು ಓದಿ, ಅವುಗಳ ಬಗ್ಗೆ ಯಾರೋ ಬರೆದ ಲೇಖನವನ್ನು ಆಮೇಲೆ. 1993ರ ಒಪ್ಪಂದ ವಾಸ್ತವ ನಿಯಂತ್ರಣ ರೇಖೆಯ ಬಗ್ಗೆ ಮಾತನಾಡುತ್ತದೆ, ಆದರೆ ರೇಖೆ ಎಲ್ಲಿದೆ ಎಂದು ಹೇಳುವುದಿಲ್ಲ. ಬೇಲಿಯ ತಕರಾರು ಕಂಡ ಯಾವ ತೋಟದವನಿಗೂ ಇದರ ಮುಂದಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ತಿಳಿಯಿರಿ. ಚೀನಾದ ವಿದೇಶಾಂಗ ಸಚಿವಾಲಯದ ವಕ್ತಾರರು ದಿನಾ ಮಾತನಾಡುತ್ತಾರೆಂದು ನೀತಿ ಅಲ್ಲಿ ಹುಟ್ಟುತ್ತದೆ ಎಂದುಕೊಳ್ಳಬೇಡಿ. ನಮ್ಮ ಸಹಕಾರ ಸಂಘದಲ್ಲಿ ಪತ್ರಕ್ಕೆ ಸಹಿ ಕಾರ್ಯದರ್ಶಿಯದು, ತೀರ್ಮಾನ ಆಡಳಿತ ಮಂಡಳಿಯದು, ಅಲ್ಲಿಯೂ ಹಾಗೆಯೇ. ಸಚಿವಾಲಯದ ಮೇಲೆ ಕಮ್ಯುನಿಸ್ಟ್ ಪಕ್ಷದ ಕೇಂದ್ರೀಯ ವಿದೇಶಾಂಗ ವ್ಯವಹಾರಗಳ ಆಯೋಗವಿದೆ. ಹಿಂದೆ 'ಸಣ್ಣ ತಂಡ' ಎನಿಸಿಕೊಂಡಿದ್ದನ್ನು 2018ರಲ್ಲಿ ಆಯೋಗವಾಗಿ ಮೇಲಕ್ಕೆತ್ತಿದರು, ಅದರ ನೇತೃತ್ವ ಷಿ ಜಿನ್‌ಪಿಂಗ್ ಅವರದು. ಇದಲ್ಲದೆ ಬೇರೆ ದೇಶಗಳ ಪಕ್ಷಗಳೊಂದಿಗೆ ವ್ಯವಹರಿಸಲು ಪಕ್ಷಕ್ಕೆ ತನ್ನದೇ ಅಂತರರಾಷ್ಟ್ರೀಯ ವಿಭಾಗವೂ ಇದೆ.

ಮೂರನೆಯದು ಪದಗಳ ತೂಕ. ಪಕ್ಷ ಒಂದು ವಿಷಯಕ್ಕೆ ನಿಗದಿ ಮಾಡಿದ ನುಡಿಗಟ್ಟನ್ನು ಚೀನೀಯಲ್ಲಿ 'ಥಿಫಾ' ಎನ್ನುತ್ತಾರೆ. ಕಣ್ಣಿಗೆ ಒಣ ಮಾತಿನಂತೆ ಕಾಣುವ ಇದರಲ್ಲೇ ಸುದ್ದಿ ಅಡಗಿರುತ್ತದೆ. ಉದಾಹರಣೆಗೆ ಬೇರೆ ದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟಲು ಚೀನಾ 2013ರಲ್ಲಿ ಘೋಷಿಸಿದ ಯೋಜನೆಯನ್ನು ತೆಗೆದುಕೊಳ್ಳಿ. ಆರಂಭದಲ್ಲಿ ಅದರ ಇಂಗ್ಲಿಷ್ ಹೆಸರಿನ ಅರ್ಥ 'ಒಂದು ಪಟ್ಟಿ, ಒಂದು ದಾರಿ' ಎಂದಿತ್ತು. ಆ 'ಒಂದು' ಎಂಬುದು ಹೊರಗಿನವರ ಕಿವಿಗೆ ಯಜಮಾನಿಕೆಯಂತೆ ಕೇಳಿಸಿದ್ದರಿಂದಲೋ ಏನೋ, 2015ರಲ್ಲಿ ಇಂಗ್ಲಿಷ್ ಹೆಸರನ್ನು 'ಬೆಲ್ಟ್ ಅಂಡ್ ರೋಡ್ ಇನಿಶಿಯೇಟಿವ್' ಎಂದು ಬದಲಿಸಿದರು. ಚೀನೀ ಹೆಸರು ಮಾತ್ರ ಇಂದಿಗೂ 'ಯಿ ತಾಯ್ ಯಿ ಲು'. 'ಯಿ' ಎಂದರೆ ಒಂದು, ಎರಡೂ ಕಡೆ ಹಾಗೆಯೇ ಕೂತಿದೆ. ಹೊರಗಿನವರಿಗೆ ಒಂದು ಹೆಸರು, ಒಳಗಿನವರಿಗೆ ಇನ್ನೊಂದು. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಈ ಅಂತರ ಕಾಣಿಸುವುದೇ ಇಲ್ಲ.

ಅಭ್ಯಾಸ ಹೀಗಿರಲಿ: ವಾರಕ್ಕೊಂದು ಹೇಳಿಕೆ ಆರಿಸಿ, ಚೀನೀ ಪಾಠವನ್ನೂ ಅವರದೇ ಇಂಗ್ಲಿಷ್ ಪಾಠವನ್ನೂ ಅಕ್ಕಪಕ್ಕ ಇಟ್ಟು, ಹೊಂದದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. 'ಕಳವಳ', 'ತೀವ್ರ ಅಸಮಾಧಾನ', 'ದೃಢ ವಿರೋಧ' ಎಂಬ ಮೆಟ್ಟಿಲುಗಳಲ್ಲಿ ಮಾತು ಎಲ್ಲಿ ನಿಂತಿದೆ ಎಂದು ಗುರುತು ಹಾಕಿ. ಊರಿನ ಹೆಸರುಗಳನ್ನೂ ಗಮನಿಸಿ. ಅರುಣಾಚಲವನ್ನು ಅವರು ದಕ್ಷಿಣ ಟಿಬೆಟ್ ಎಂಬ ಅರ್ಥದ 'ತ್ಸಾಂಗ್‌ನಾನ್' ಎಂದು ಕರೆದು 2017ರಿಂದ ಅಲ್ಲಿನ ಜಾಗಗಳಿಗೆ ತಮ್ಮದೇ ಹೆಸರುಗಳ ಪಟ್ಟಿ ಹೊರಡಿಸುತ್ತಿದ್ದಾರೆ. ಆರು ತಿಂಗಳು ಈ ಕೆಲಸ ಮಾಡಿದರೆ ಟಿವಿಯಲ್ಲಿ ಅರಚುವ ತಜ್ಞರನ್ನು ಕೇಳುವ ತಾಳ್ಮೆ ತಾನಾಗಿಯೇ ಹೋಗುತ್ತದೆ.

ಭಾರತದ ನಿಯತಕಾಲಿಕೆಗಳಲ್ಲಿ 1964ರಿಂದ ಬರುತ್ತಿರುವ 'ಚೈನಾ ರಿಪೋರ್ಟ್' ಮುಖ್ಯವಾದದ್ದು. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್ ಅಖಿಲ ಭಾರತ ಸಮ್ಮೇಳನವನ್ನೂ ನಡೆಸುತ್ತದೆ; ಎರಡನೆಯ ವರ್ಷದಲ್ಲಿ ಅಲ್ಲಿಗೆ ಒಂದು ಪ್ರಬಂಧ ಕಳುಹಿಸಿ ನೋಡಿ.

ಐದನೆಯ ಹೆಜ್ಜೆ: ಹೊರದೇಶ

ಇದನ್ನು ಚುಟುಕಾಗಿ ಹೇಳುತ್ತೇನೆ. ಭಾಷೆಗಾಗಿ ಹೋಗುವವರಿಗೆ ತೈವಾನ್ ಒಳ್ಳೆಯ ಆಯ್ಕೆ: ಹುವಾಯು ವಿದ್ಯಾರ್ಥಿವೇತನ ಭಾಷಾ ಕಲಿಕೆಗೆ, ತೈವಾನ್ ವಿದ್ಯಾರ್ಥಿವೇತನ ಪದವಿಗೆ. ಭಾರತದಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದ ಮೂಲಕ ಅರ್ಜಿ ಹಾಕಬೇಕು. ಅಲ್ಲಿ ಸಾಂಪ್ರದಾಯಿಕ ಲಿಪಿ, ಚೀನಾದಲ್ಲಿ ಸರಳೀಕೃತ ಲಿಪಿ. ಮೊದಲು ಒಂದನ್ನು ಗಟ್ಟಿಮಾಡಿಕೊಂಡರೆ ಇನ್ನೊಂದು ಕೆಲವು ತಿಂಗಳಲ್ಲಿ ಕಣ್ಣಿಗೆ ಹತ್ತುತ್ತದೆ. ಚೀನಾದೊಳಗೆ ಪೀಕಿಂಗ್ ವಿಶ್ವವಿದ್ಯಾಲಯದ ಯೆನ್‌ಚಿಂಗ್ ಅಕಾಡೆಮಿ, ಚಿಂಗ್‌ಹ್ವಾದ ಶ್ವಾರ್ಜ್‌ಮನ್ ವಿದ್ಯಾರ್ಥಿವೇತನಗಳು ಇಂಗ್ಲಿಷಿನಲ್ಲೇ ಓದಿಸುತ್ತವೆ, ಪೈಪೋಟಿ ವಿಪರೀತ. ಪಿಎಚ್.ಡಿ.ಗೆ ಬಂದವರಿಗೆ ಹಾರ್ವರ್ಡ್-ಯೆನ್‌ಚಿಂಗ್ ಸಂಸ್ಥೆಯ ಸಹಯೋಗದ ಫೆಲೋಶಿಪ್ ಇದೆ. ಯಾವುದಕ್ಕೆ ಅರ್ಜಿ ಹಾಕಿದರೂ ಶಿಫಾರಸು ಪತ್ರವನ್ನು ನಿಮ್ಮನ್ನು ನಿಜವಾಗಿ ಬಲ್ಲ ಮೇಷ್ಟ್ರಿಂದಲೇ ಬರೆಸಿ; ದೊಡ್ಡ ಹುದ್ದೆಯವರು ಬರೆದ ಎರಡು ಸಾಲಿಗೆ ಬೆಲೆಯಿಲ್ಲ.

ಆರನೆಯ ಹೆಜ್ಜೆ: ಪ್ರಬಂಧದ ಪ್ರಶ್ನೆ

'ಭಾರತ-ಚೀನಾ ಸಂಬಂಧ: ಸವಾಲು ಮತ್ತು ಅವಕಾಶ' ಎಂಬಂತಹ ಶೀರ್ಷಿಕೆ ಹೊಳೆದರೆ ಆ ಹಾಳೆಯನ್ನು ಒಲೆಗೆ ಹಾಕಿ. ಕೈಗೆ ಎಟುಕುವ ದಾಖಲೆಯಿಂದ ಉತ್ತರಿಸಬಹುದಾದ ಕಿರಿದಾದ ಪ್ರಶ್ನೆ ಬೇಕು. ಮಲೆನಾಡಿನವರಿಗೆ ಅಂತಹವು ಕಾಲಿಗೆ ತೊಡರುತ್ತವೆ.

ಅಡಿಕೆಯೇ ಒಂದು. ಚೀನಾದಲ್ಲಿ ಅಡಿಕೆ ಬೆಳೆಯುವುದು ಮುಖ್ಯವಾಗಿ ಹೈನಾನ್ ದ್ವೀಪದಲ್ಲಿ, ಸಂಸ್ಕರಿಸಿ ಜಗಿಯುವುದು ದೂರದ ಹುನಾನ್ ಪ್ರಾಂತ್ಯದಲ್ಲಿ, ಅದರಲ್ಲೂ ಶ್ಯಾಂಗ್‌ಥಾನ್ ನಗರದಲ್ಲಿ. 2021ರಲ್ಲಿ ಚೀನಾದ ಪ್ರಸಾರ ನಿಯಂತ್ರಣ ಆಡಳಿತ ಅಡಿಕೆಯ ಜಾಹೀರಾತುಗಳನ್ನು ನಿಲ್ಲಿಸಿತು. ಆರೋಗ್ಯ, ರೈತರ ಆದಾಯ, ಪ್ರಾಂತ್ಯದ ತೆರಿಗೆ ಒಂದನ್ನೊಂದು ಎಳೆಯುವ ಈ ಜಗ್ಗಾಟ ನಮಗೆ ಹೊಸದಲ್ಲ. ಬೀಜಿಂಗ್ ಹೇಳಿದ್ದನ್ನು ಪ್ರಾಂತ್ಯಗಳು ಎಷ್ಟು ಕೇಳುತ್ತವೆ ಎಂಬ ದೊಡ್ಡ ಪ್ರಶ್ನೆಗೆ ಇದು ಸಣ್ಣ ಕಿಟಕಿ. ಜಗುಲಿಯ ಭೂತಾನ ಪ್ರಶ್ನೆಯನ್ನೇ ಹಿಡಿಯುವುದಾದರೆ ಮೂರು ಕಡತ ಬೇಕು: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆಗಳು (2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದೂ ಅದೇ), ಸಂಸತ್ತಿನ ಪ್ರಶ್ನೋತ್ತರಗಳು ಮತ್ತು ಭೂತಾನ-ಚೀನಾ ಮಾತುಕತೆಯ ಹೇಳಿಕೆಗಳು. ದಿನಾಂಕಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ. ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಬರೆಯಿರಿ, ಅದೂ ಪ್ರಬಂಧವೇ.

ಇತಿಹಾಸ ಬೇಕೆನ್ನುವವರಿಗೆ ಭಾರತ ಸರ್ಕಾರ 1959ರಿಂದ ಪ್ರಕಟಿಸಿದ ಶ್ವೇತಪತ್ರಗಳಿವೆ. ಎರಡು ಸರ್ಕಾರಗಳು ಪರಸ್ಪರ ಬರೆದ ಪತ್ರಗಳ ಕಟ್ಟು ಅದು. ರಾಷ್ಟ್ರೀಯ ಪತ್ರಾಗಾರದ ಕಡತಗಳನ್ನು 'ಅಭಿಲೇಖ ಪಟಲ' ತಾಣದಲ್ಲಿ ಹುಡುಕಬಹುದು. ಚೀನಾದ ವಿದೇಶಾಂಗ ಪತ್ರಾಗಾರ 2004ರಲ್ಲಿ ಬಾಗಿಲು ತೆರೆದು ಹತ್ತು ವರ್ಷ ತುಂಬುವ ಮೊದಲೇ ಬಹುಪಾಲು ಮುಚ್ಚಿಕೊಂಡಿತು. ಅಷ್ಟರಲ್ಲಿ ಹೊರಬಂದ ಹಲವು ದಾಖಲೆಗಳ ಅನುವಾದ ಅಮೆರಿಕದ ವಿಲ್ಸನ್ ಸೆಂಟರ್‌ನ ಡಿಜಿಟಲ್ ಸಂಗ್ರಹದಲ್ಲಿ ಸಿಗುತ್ತದೆ.

ಇನ್ನು ಮುಂಡಗೋಡ. 1960ರ ದಶಕದಲ್ಲಿ ಅಲ್ಲಿ ನೆಲೆಯೂರಿದ ಟಿಬೆಟನ್ನರ ವಸಾಹತು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಶಿರಸಿಯಿಂದ ಒಂದು ಬಸ್ಸಿನ ದೂರ. ಹೊರದೇಶದ ಸಂಶೋಧಕರು ಅಲ್ಲಿಗೆ ಹೋಗಲು ಗೃಹ ಸಚಿವಾಲಯದ ಪರವಾನಗಿಗೆ ಕಾಯಬೇಕು, ನಾವು ಚೀಲ ಹೆಗಲಿಗೇರಿಸಿ ಹೊರಡಬಹುದು. 1959ರ ಸುಮಾರಿಗೆ ಮಕ್ಕಳಾಗಿ ಗಡಿ ದಾಟಿದವರಿಗೂ ಈಗ ಎಪ್ಪತ್ತು ಮೀರಿದೆ, ಆದ್ದರಿಂದ ಈ ಕೆಲಸವನ್ನು ಮುಂದೂಡಬೇಡಿ. ಮೊದಲ ಭೇಟಿಯಲ್ಲಿ ರೆಕಾರ್ಡರ್ ತೆಗೆಯಬೇಡಿ, ಚಹಾ ಕುಡಿದು ಬನ್ನಿ. ಎರಡನೆಯ ಸಲ ಹೋಗುವಾಗ ಮೂರು ಕಾಗುಣಿತವಿರುವ ಊರುಗಳ ಪಟ್ಟಿ ಜೊತೆಗಿರಲಿ: ಟಿಬೆಟನ್, ಚೀನೀ, ಹಳೆಯ ಇಂಗ್ಲಿಷ್. ಅಜ್ಜ ತನ್ನ ಸೀಮೆ ಲ್ಹೋಕಾ ಎನ್ನುತ್ತಾನೆ, ಚೀನೀ ನಕ್ಷೆಯಲ್ಲಿ ಅದು ಶಾನ್‌ನಾನ್. ಶಿಗಾತ್ಸೆ ಎಂದದ್ದು ಅಲ್ಲಿ ರಿಖಾತ್ಸ ಆಗಿರುತ್ತದೆ. ಅವನ ಎದುರಿಗೇ ಕೇಳಿ ಬರೆದುಕೊಳ್ಳಿ. ಇಲ್ಲದಿದ್ದರೆ ಕೋಣೆಗೆ ಮರಳಿ ನಕ್ಷೆ ಬಿಡಿಸಿದಾಗ ಅವನ ಊರು ಸಿಗದೆ ಹೋಗುತ್ತದೆ.